ಚೆಕ್‌ಲಿಸ್ಟ್ ಆ್ಯಪ್ ಹಾಕಿದರೆ ಸುಳ್ಳು ಟಿಕ್ ನಿಲ್ಲುತ್ತಾ?

ಪೇಪರ್ ಚೆಕ್‌ಲಿಸ್ಟ್‌ಗೆ ಹುಡುಗರು ಕೂತಲ್ಲೇ ಟಿಕ್ ಹಾಕುತ್ತಾರೆ, ಫೋಟೋ, ಟೈಮ್ ಎಲ್ಲ ಹಿಡಿಯುವ ಆ್ಯಪ್ ಯಾವುದು ಅಂತ ಕೇಳಿದ್ದೀರಿ. ಕಾಫಿ ಕ್ಯೂರಿಂಗ್, ಅಂದರೆ ಒಣಗಿದ ಕಾಫಿ ಹಣ್ಣಿನ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕಡೆ ಮೆಂಟೆನೆನ್ಸ್ ಅಂದಿದ್ದೀರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕುಶಾಲನಗರದ ಕಡೆ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾನೂ ಇದೇ ಕೆಲಸ ನೋಡಿಕೊಳ್ಳುತ್ತಿದ್ದೆ. ಅಂಥ ಆ್ಯಪ್ ಸಿಕ್ಕಿತು ಕೂಡ. ಫೋಟೋ ತೆಗೆಯದೆ ಮುಂದಿನ ಸಾಲಿಗೆ ಬಿಡುತ್ತಲೇ ಇರಲಿಲ್ಲ. ಸುಳ್ಳು ಟಿಕ್ ನಿಂತೇ ಹೋಯಿತು. ಆಮೇಲೂ ಒಬ್ಬ ಹುಡುಗನ ಬೆರಳು ಹೋಯಿತು.

ಮಾರ್ಚ್ ತಿಂಗಳು, ರೊಬಸ್ಟಾ ಚೆರಿ (ಒಣಗಿದ ಕಾಫಿ ಹಣ್ಣು) ಲಾರಿಗಟ್ಟಲೆ ಬರುವ ಸಮಯ. ಸಿಪ್ಪೆ ಬಿಡಿಸುವ ಹಲ್ಲರ್‌ಗೆ ಚೆರಿ ಎತ್ತುವ ಬಕೆಟ್ ಎಲಿವೇಟರ್, ಅಂದರೆ ಉದ್ದದ ಬೆಲ್ಟ್‌ಗೆ ಸಾಲಾಗಿ ಬಕೆಟ್ ಕೂರಿಸಿದ ಮೆಷಿನ್, ಚೋಕ್ ಆಗಿ ಟ್ರಿಪ್ ಆಯಿತು. ಪ್ಯಾನೆಲ್ ಆಫ್ ಮಾಡಿ ಬೀಗ ಹಾಕಿದೆವು. ಟ್ಯಾಗ್ ಕಟ್ಟಿ ಫೋಟೋ ತೆಗೆದೆವು. ಸ್ಟಾರ್ಟ್ ಬಟನ್ ಒತ್ತಿ ನೋಡಿದ್ದೂ ಆಯಿತು. ಟ್ಯಾಬ್‌ನಲ್ಲಿ ಎಲ್ಲ ಹಸಿರು. ನಾನು ಮೇಲೆ ಹೋಗಿ ಗೇರ್‌ಬಾಕ್ಸ್‌ನ ಚೈನ್ ಬಿಚ್ಚುತ್ತಿದ್ದೆ. ಕೆಳಗೆ ಹೆಲ್ಪರ್ ಬೂಟ್‌ನ (ಎಲಿವೇಟರ್ ತಳದ ಪೆಟ್ಟಿಗೆಯ) ಬಾಗಿಲು ತೆಗೆದು ಕೈಯಿಂದ ಚೆರಿ ತೋಡುತ್ತಿದ್ದ. ಚೈನ್‌ನ ಲಾಕ್ ಕಳಚಿದ್ದೇ ತಡ, ಬೆಲ್ಟ್ ಬರ್ರನೆ ಹಿಂದಕ್ಕೆ ಓಡಿತು. ಬಕೆಟ್ಟಿನ ಅಂಚಿಗೂ ತಗಡಿಗೂ ನಡುವೆ ಅವನ ಎರಡು ಬೆರಳು.

ಯಾಕೆ ಹಾಗಾಯಿತು ಅಂತ ಬಿಡಿಸಿ ಹೇಳುತ್ತೇನೆ. ಎಲಿವೇಟರ್ ಚೋಕ್ ಆಗಿ ನಿಂತಾಗ ಮೇಲೆ ಹೋಗುವ ಕಡೆಯ ಬಕೆಟ್‌ಗಳೆಲ್ಲ ತುಂಬಿರುತ್ತವೆ, ಇಳಿಯುವ ಕಡೆಯವು ಖಾಲಿ. ಭಾರವೆಲ್ಲ ಒಂದೇ ಕಡೆ. ಅದು ಹಿಂದಕ್ಕೆ ಜಾರದ ಹಾಗೆ ತಡೆದಿರುವುದು ನಮ್ಮಲ್ಲಿ ಗೇರ್‌ಬಾಕ್ಸ್ ಒಳಗಿನ ಬ್ಯಾಕ್‌ಸ್ಟಾಪ್, ಹಿಂದಕ್ಕೆ ತಿರುಗಲು ಬಿಡದ ಭಾಗ. ಆ ಗೇರ್‌ಬಾಕ್ಸ್‌ಗೂ ಬೆಲ್ಟ್‌ಗೂ ಇರುವ ನಂಟು ಚೈನ್ ಒಂದೇ. ನಾನು ಬಿಚ್ಚಿದ್ದು ಅದನ್ನೇ. ಬೀಗ ಹಾಕಿದ್ದು ಕರೆಂಟಿಗೆ, ಬೆಲ್ಟ್ ಎಳೆದಿದ್ದು ಚೆರಿಯ ಭಾರ.

ಆಮೇಲೆ ಮೇಲಿನವರು ರಿಪೋರ್ಟ್ ತೆಗೆಸಿದರು. ಒಂದೂ ಸುಳ್ಳು ಟಿಕ್ ಇಲ್ಲ! ಭಾರದ ಬಗ್ಗೆ ಸಾಲೇ ಇರಲಿಲ್ಲ, ಅಷ್ಟೆ. ಲಿಸ್ಟ್ ಆ್ಯಪ್ ಜೊತೆ ರೆಡಿಮೇಡ್ ಬಂದಿದ್ದು, ಯಾವುದೋ ಕನ್ವೇಯರ್‌ಗೆ ಬರೆದದ್ದು. ಮೆಷಿನ್ ಹೆಸರು ಬದಲಾಯಿಸಿ ಸೇವ್ ಮಾಡಿದವನು ನಾನು. ನಮ್ಮ ಹಳೆಯ ಫಿಟ್ಟರ್ ಚೈನ್ ಮುಟ್ಟುವ ಮೊದಲು ಬೆಲ್ಟ್‌ಗೆ ಕ್ಲಾಂಪ್ ಬಿಗಿಯುತ್ತಿದ್ದರಂತೆ. ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ರಿಟೈರ್ ಆಗಿ ಗುಡ್ಡೆಹೊಸೂರಿನಲ್ಲೇ ಇದ್ದರು, ಬೈಕಲ್ಲಿ ಹೋದರೆ ಎಷ್ಟು ಹೊತ್ತು? ಲಿಸ್ಟ್ ಮಾಡುವಾಗ ಒಂದು ಮಾತು ಕೇಳಲಿಲ್ಲ. ಆ ಹುಡುಗ ಈಗ ಗೇಟಿನಲ್ಲಿ ತೂಕದ ಚೀಟಿ ಬರೆಯುತ್ತಾನೆ.

ಅದಕ್ಕೇ ಹೇಳುವುದು, ನಿಮ್ಮ ಹುಡುಗರನ್ನು ಹಿಡಿಯುವುದಕ್ಕೆ ಆ್ಯಪ್ ತರಬೇಡಿ. ಅವರು ಕೂತಲ್ಲೇ ಟಿಕ್ ಹಾಕುತ್ತಾರೆ ಅಂದರೆ ಆ ಲಿಸ್ಟ್‌ನಲ್ಲಿ ಅವರ ಕೆಲಸಕ್ಕೆ ಬರುವ ಸಾಲು ಜಾಸ್ತಿ ಇಲ್ಲ ಅಂತ ಅರ್ಥ. ಮಳೆಗಾಲದಲ್ಲಿ ಮೆಷಿನ್ ಖಾಲಿ ಇರುತ್ತಲ್ವಾ, ಆಗ ಫಿಟ್ಟರ್ ಜೊತೆ ಒಂದೊಂದೇ ಮೆಷಿನ್ ಮುಂದೆ ನಿಂತು ಬರೆಯಿರಿ. ಎಲಿವೇಟರ್‌ಗೆ ಮೊದಲ ಸಾಲು ಬೆಲ್ಟ್ ಕ್ಲಾಂಪ್. ಎರಡನೆಯದು, ಚೈನ್ ಬಿಚ್ಚುವಾಗ ಬೂಟ್ ಹತ್ತಿರ ಯಾರೂ ಇರಬಾರದು. ಪ್ಯಾನೆಲ್ ಬೀಗದ ಕೀ, ಮೆಷಿನ್ ಒಳಗೆ ಕೈ ಹಾಕುವವನ ಜೇಬಿನಲ್ಲೇ ಇರಬೇಕು, ಸೂಪರ್‌ವೈಸರ್ ಹತ್ತಿರ ಅಲ್ಲ. ಜನರೇಟರ್ ತಾನೇ ಸ್ಟಾರ್ಟ್ ಆಗುವಂಥದ್ದಾದರೆ ಅದಕ್ಕೂ ಒಂದು ಸಾಲು ಬೇಕು. ಮಳೆಗೆ ಚೆಸ್ಕಾಂ ಕರೆಂಟ್ ಹೋಗಿದೆ, ಇನ್ನೇನು ಭಯ ಅಂತ ಕೈ ಹಾಕುವವರು ನಮ್ಮಲ್ಲಿ ಕಮ್ಮಿ ಇಲ್ಲ. ಅಸ್ಸಾಂ ಹುಡುಗರಿದ್ದರೆ ಇಂಗ್ಲಿಷ್ ಸಾಲು ಸುಮ್ನೆ ದಂಡ, ನಿಮ್ಮದೇ ಮೆಷಿನ್ನಿನ ಫೋಟೋ ಹಾಕಿ.

ಆ್ಯಪ್ ಯಾವುದಾದರೂ ಆಗುತ್ತದೆ. ಶೀಟ್ ಹಾಕಿದ ಗೋಡೌನ್ ಒಳಗೆ ನೆಟ್‌ವರ್ಕ್ ಇಲ್ಲದಾಗಲೂ ಸೇವ್ ಆಗುತ್ತಾ ಅಂತ ಮಾತ್ರ ದುಡ್ಡು ಕೊಡುವ ಮೊದಲೇ ಒಳಗೆ ನಿಂತು ನೋಡಿ.