ಕೈಯಲ್ಲಿ ಮಾಡಿದ ಪೈಪಿಗೆ ಎಷ್ಟು ರೇಟು ಹೇಳಲಿ?

ಪ್ರಶ್ನೆ: ನಮ್ಮದು ಬಡಗಿ ಕೆಲಸದ ಮನೆತನ. ಈಗ ನಾನು ತಂಬಾಕು ಸೇದುವ ಪೈಪ್ ಮಾಡುತ್ತಿದ್ದೇನೆ. ಇಟಲಿಯಿಂದ ಬ್ರೈಯರ್ ಅನ್ನುವ ಮರದ ತುಂಡು ತರಿಸುತ್ತೇನೆ, ಸಾಗಣೆ, ಸುಂಕ ಎಲ್ಲಾ ಸೇರಿ ಒಂದಕ್ಕೆ ₹3,000 ಬೀಳುತ್ತದೆ. ಒಂದು ಪೈಪಿಗೆ ಎರಡು ದಿನ ಬೇಕು. ಪರಿಚಯದವರೊಬ್ಬರಿಗೆ ₹4,000ಕ್ಕೆ ಕೊಟ್ಟೆ, ಅದೇ ಜಾಸ್ತಿ ಆಯ್ತು ಅಂದರು. ಹೊರದೇಶದ ಹೆಸರುವಾಸಿಗಳು ಸಾವಿರಾರು ಡಾಲರ್ ತಗೊಳ್ತಾರೆ. ನನ್ನನ್ನು ಯಾರೂ ಅರಿಯರು. ಎಷ್ಟು ಹೇಳಲಿ, ಎಲ್ಲಿ ಮಾರಲಿ?
– ಓದುಗ, ದಾವಣಗೆರೆ

ಉತ್ತರ: ₹4,000ಕ್ಕೆ ಕೊಟ್ಟರೆ ನಿಮಗೆ ಕೂಲಿಯೂ ಗಿಟ್ಟುವುದಿಲ್ಲ. ಲೆಕ್ಕ ಹಾಕೋಣ. ಮರ ₹3,000. ಬಾಯಿಗಿಡುವ ಕೊಳವೆಗೆ ಎಬೊನೈಟ್ ಅನ್ನುವ ಗಟ್ಟಿ ರಬ್ಬರ್, ಉಪ್ಪು ಕಾಗದ, ಮೇಣ ಅಂತ ₹500 ಇಟ್ಟುಕೊಳ್ಳಿ. ದಿನಗೂಲಿ ₹1,000 ಹಿಡಿದರೂ ಎರಡು ದಿನಕ್ಕೆ ₹2,000. ಬ್ರೈಯರ್ ಬೇರಿನ ಗಂಟು ಅಲ್ವಾ, ಕೊರೆಯುತ್ತಾ ಹೋದರೆ ಒಳಗೆ ತೂತು, ಮರಳು ಸಿಗುತ್ತದೆ. ಐದರಲ್ಲಿ ಒಂದು ಹಾಳಾಯಿತು ಅಂದರೆ ಉಳಿದ ನಾಲ್ಕು ಪೈಪಿನ ಮೇಲೆ ಆ ನಷ್ಟ ಕೂರಬೇಕು. ಕರೆಂಟು, ಪ್ಯಾಕಿಂಗ್ ಬೇರೆ. ನನ್ನ ಪ್ರಕಾರ ₹7,500ಕ್ಕಿಂತ ಕೆಳಗೆ ಇಳಿಯಬೇಡಿ. ಪರಿಚಯದವರಿಗೆ ಅದು ಜಾಸ್ತಿ ಅನ್ನಿಸಬಹುದು, ಆದರೆ ಅವರು ನಿಮ್ಮ ಗಿರಾಕಿ ಅಲ್ಲ. ಮೊಳಕಾಲ್ಮೂರಿನ ಸೀರೆಯನ್ನು ಮಿಲ್ಲಿನ ಸೀರೆ ಪಕ್ಕ ಇಟ್ಟು ಬೆಲೆ ಕಟ್ಟಿದ ಹಾಗಾಗುತ್ತದೆ. ಒಂದ್ಸಲ ಹೇಳಿದ ಬೆಲೆಗೆ ನಿಲ್ಲಿ. ಮೊದಲು ಕೊಂಡವರ ಕಣ್ಣೆದುರೇ ಅರ್ಧಕ್ಕೆ ಇಳಿಸಿದರೆ ಅವರು ಇನ್ನೊಂದು ಕೊಳ್ಳುವುದಿಲ್ಲ. ಕೈಯಲ್ಲಿರುವ ಪೈಪುಗಳು ಬೇಗ ಬೇಗ ಖಾಲಿಯಾಗತೊಡಗಿದಾಗ ಸ್ವಲ್ಪ ಏರಿಸಿ.

ಹೆಸರಿಲ್ಲದವರ ಪೈಪನ್ನು ಗೊತ್ತಿರುವವರು ಕೊಳ್ಳುವುದು ಮೇಲಿನ ಹೊಳಪು ನೋಡಿ ಅಲ್ಲ, ಒಳಗಿನ ತೂತು ನೋಡಿ. ಹೊಗೆ ಬರುವ ತೂತು, ಸುಮಾರು 4 ಮಿ.ಮೀ.ನದು, ತಂಬಾಕು ತುಂಬುವ ಬಟ್ಟಲಿನ ತಳಕ್ಕೇ, ನಟ್ಟನಡುವೆ ಬಂದು ತೆರೆದುಕೊಳ್ಳಬೇಕು. ಸ್ವಲ್ಪ ಮೇಲೆ ಬಂದರೂ ಅಡಿಯ ತಂಬಾಕು ಸರಿಯಾಗಿ ಉರಿಯದೆ ಒದ್ದೆಯಾಗಿ ಉಳಿಯುತ್ತದೆ. ಬಾಯಿ ಕಡೆಯಿಂದ ಪೈಪ್ ಕ್ಲೀನರ್ ತಂತಿ ತೂರಿಸಿದರೆ, ಕೊಳವೆ ಬಿಚ್ಚದೆ, ಎಲ್ಲೂ ತಡೆಯದೆ ಬಟ್ಟಲಲ್ಲಿ ತುದಿ ಕಾಣಬೇಕು. ಆ ತುದಿ ಕಾಣುವ ಹಾಗೆ ಮೇಲಿನಿಂದ ಒಂದು ಫೋಟೊ ತೆಗೆಯಿರಿ. ಮರಕ್ಕೂ ಕೊಳವೆಗೂ ಕೂಡುವ ಜಾಗದಲ್ಲಿ ಸಂದು ಇಲ್ಲ ಅಂತ ತೋರಿಸುವ ಇನ್ನೊಂದು ಫೋಟೊ. ಸುಮ್ನೆ ಹೂವಿನ ಪಕ್ಕ ಇಟ್ಟು ತೆಗೆದ ಹತ್ತು ಫೋಟೊಗಿಂತ ಈ ಎರಡೇ ಜಾಸ್ತಿ ಕೆಲಸ ಮಾಡುತ್ತವೆ. ಮೇಲ್ಮೈಯಲ್ಲಿ ತೂತು ಕಂಡರೆ ಮೆತ್ತಿ ಮುಚ್ಚಬೇಡಿ. ಗೀರು ಕೊರೆದು ಒರಟು ಮೈ ಮಾಡಿ, ಅದನ್ನು ಹೇಳಿಯೇ ಕಡಿಮೆಗೆ ಮಾರಿ.

ರಿಪೇರಿ ಕೆಲಸವನ್ನೂ ಹಿಡಿಯಿರಿ. ಕೋಪನ್‌ಹೇಗನ್‌ನ ಸಿಕ್ಸ್ಟನ್ ಐವರ್ಸನ್, ಈ ಕಸುಬಿನಲ್ಲಿ ಇವತ್ತಿಗೂ ಎಲ್ಲರೂ ನೆನೆಯುವ ಹೆಸರು, ಶುರು ಮಾಡಿದ್ದು ಹಳೇ ಪೈಪ್ ರಿಪೇರಿಯಿಂದಲೇ. ಬೇರೆಯವರು ಎಲ್ಲಿ ಕೊರೆದಿದ್ದಾರೆ, ಎಲ್ಲಿ ಸೀಳಿದೆ ಅಂತ ಕೈಗೇ ಗೊತ್ತಾಗುತ್ತದೆ. ಸೇದುವವರ ಪರಿಚಯವೂ ಆಗುತ್ತದೆ.

ಮಾರುವ ಜಾಗದ ವಿಷಯ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ತಂಬಾಕಿನ ಸಾಮಾನು ಮಾರಲು ಬಿಡುವುದಿಲ್ಲ, ಅಲ್ಲೇ ಅಂಗಡಿ ಕಟ್ಟಿಕೊಳ್ಳಬೇಡಿ. ನಮ್ಮಲ್ಲಿ 2003ರ ಕಾಯ್ದೆ ತಂಬಾಕಿನ ಜಾಹೀರಾತನ್ನು ನಿಷೇಧಿಸಿದೆ, 18 ತುಂಬದವರಿಗೆ ಮಾರುವುದನ್ನೂ ತಡೆದಿದೆ; ಕರ್ನಾಟಕದಲ್ಲಿ 2025ರಿಂದ ಆ ವಯಸ್ಸು 21 ಆಗಿದೆ. ಗಿರಾಕಿ ಜಾಸ್ತಿ ಇರುವುದು ಹೊರದೇಶದಲ್ಲಿ. ಅದಕ್ಕೆ ಆಮದು-ರಫ್ತು ಸಂಕೇತ ಸಂಖ್ಯೆ, ಅಂದರೆ ಐಇಸಿ, ಮಾಡಿಸಿಕೊಳ್ಳಿ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳಿಂದ ಚಿಕ್ಕ ಪಾರ್ಸಲ್ಲನ್ನೂ ರಫ್ತು ಮಾಡಬಹುದು, ನಿಮ್ಮ ಪ್ರಧಾನ ಅಂಚೆ ಕಚೇರಿಯಲ್ಲಿ ವಿಚಾರಿಸಿ. ಜಿಎಸ್‌ಟಿ ಬಗ್ಗೆ ಮೊದಲ ಪೈಪ್ ಕಳಿಸುವ ಮುಂಚೆಯೇ ಆಡಿಟರ್ ಹತ್ತಿರ ಮಾತಾಡಿ. ಇನ್ನೊಂದು, ಪೈಪ್ ಸಿಗರೇಟಿಗಿಂತ ಒಳ್ಳೆಯದು ಅಂತ ಎಲ್ಲೂ ಬರೆಯಬೇಡಿ. ಪೈಪ್ ಸೇದುವವರಿಗೂ ಬಾಯಿ ಕ್ಯಾನ್ಸರ್ ಬರುತ್ತದೆ. ನಿಮ್ಮ ಕೆಲಸವನ್ನು ಹೊಗಳಿಕೊಳ್ಳಿ, ಸೇದುವುದನ್ನಲ್ಲ.

ಪ್ರಶ್ನೆ: ಬ್ರೈಯರ್ ಯಾಕೆ ಬೇಕು? ನಮ್ಮ ಹುಣಸೆ, ಬೀಟೆಯಲ್ಲಿ ಮಾಡಿದರೆ ಅಗ್ಗವಾಗುತ್ತದಲ್ಲ?
– ಓದುಗ, ಚಿತ್ರದುರ್ಗ

ಉತ್ತರ: ಬೆಂಕಿ ಹಿಡಿದುಕೊಳ್ಳುವ ಬಟ್ಟಲಿಗೆ ಬೇಡ. ಬ್ರೈಯರ್ ಗಂಟನ್ನು ಕುದಿಸಿ, ತಿಂಗಳುಗಟ್ಟಲೆ ಒಣಗಿಸಿ ಕೊಡುತ್ತಾರೆ, ಬಿಸಿಗೆ ಅದು ಸುಲಭಕ್ಕೆ ಸುಡುವುದಿಲ್ಲ. ಬೀಟೆಯಲ್ಲಿ ಎಣ್ಣೆ ಅಂಶ ಇರುತ್ತದೆ, ಅದರ ಪುಡಿಯೇ ಕೆಲವರ ಮೈಗೆ ಆಗುವುದಿಲ್ಲ. ಬೀಟೆ ಜಾತಿಯ ಮರಗಳು 2017ರಿಂದ ಸೈಟಿಸ್, ಅಂದರೆ ಅಳಿವಿನಂಚಿನ ಗಿಡ-ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ ಪಟ್ಟಿಯಲ್ಲೂ ಇವೆ, ಗಡಿ ದಾಟಿಸಲು ಕಾಗದಪತ್ರದ ತಕರಾರು. ಹುಣಸೆಯಲ್ಲಿ ಪೈಪ್ ಇಡುವ ಸ್ಟ್ಯಾಂಡ್, ತಂಬಾಕು ಒತ್ತುವ ಚಿಕ್ಕ ಕಡ್ಡಿ ಮಾಡಿ. ಕಡಿಮೆ ದುಡ್ಡಿನಲ್ಲಿ ನಿಮ್ಮ ಕೈಕೆಲಸ ಹೇಗಿದೆ ಅಂತ ನೋಡಲು ಗಿರಾಕಿಗೆ ಅದೇ ದಾರಿ.