ಅವ್ವ ಬರ್ತಾಳೆ ಅಂದಿಯಲ್ಲ, ತಮ್ಮಾ

ತಮ್ಮಾ, ನಿನ್ನ ಪತ್ರ ಓದಿದೆ. ಬೈಕಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೂರೇ ವರ್ಷದಲ್ಲಿ ಬ್ಯಾಂಕಿನ ಪರೀಕ್ಷೆ ಪಾಸಾಗಿ, ಗಾಲಿಕುರ್ಚಿಯ ಮೇಲೆಯೇ ಮುಂಬೈ ಪಕ್ಕದ ಠಾಣೆ ಊರಿಗೆ ಕೆಲಸಕ್ಕೆ ಬರುತ್ತಿದ್ದೀ ಅಂತ ತಿಳಿದು ನನಗೇ ನೌಕರಿ ಸಿಕ್ಕಷ್ಟು ಖುಷಿಯಾಯಿತು.

ನೀನು ಕೇಳಿದ್ದು ನಾಲ್ಕು. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಮಹಾರಾಷ್ಟ್ರದಲ್ಲಿ ನಡೆಯುತ್ತದಾ, ಫಿಜಿಯೋಥೆರಪಿ ಮನೆಯಲ್ಲೇ ಮಾಡಿಸಬಹುದಾ, ಔಷಧ, ಮೂತ್ರ ತೆಗೆಯುವ ಕ್ಯಾಥೆಟರ್ ನಳಿಕೆ ಮನೆಗೆ ತಂದುಕೊಡುತ್ತಾರಾ, ಹಾವೇರಿಗಿಂತ ಖರ್ಚು ಎಷ್ಟು ಹೆಚ್ಚು. ಕೊನೆಗೆ ಒಂದು ಸಾಲು ಬರೆದೀ: ‘ಅವ್ವ ಜೊತೆಗೆ ಬರ್ತಾಳೆ, ಹಂಗಾಗಿ ಆಳಿನ ಚಿಂತಿ ಇಲ್ಲ.’ ಅದನ್ನು ಓದಿ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮೊದಲು ನಿನ್ನ ಪ್ರಶ್ನೆಗಳು. ಕಾರ್ಡು ಇಡೀ ದೇಶಕ್ಕೆ ಒಂದೇ, ವಿಳಾಸ ಬದಲಿಸಿಕೊಂಡರೆ ಸಾಕು. ಆದಾಯ ತೆರಿಗೆ ಲೆಕ್ಕದಲ್ಲಿ ನಮ್ಮ ಆದಾಯದಿಂದ 75,000 ರೂಪಾಯಿ, ಅಂಗವೈಕಲ್ಯ 80 ಪರ್ಸೆಂಟ್ ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ಕಳೆಯುತ್ತಾರೆ. ಅದು ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ, ಸೇರಿದ ವಾರವೇ ಆಫೀಸಿನಲ್ಲಿ ಕೇಳು. ಫಿಜಿಯೋದವರು ಮನೆಗೆ ಬರುತ್ತಾರೆ. ಆದರೂ ಒಮ್ಮೆ ಮುಂಬೈಯ ಹಾಜಿ ಅಲಿಯಲ್ಲಿರುವ ಅಖಿಲ ಭಾರತ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆಗೆ ಹೋಗಿ ಬಾ. 1955ರಿಂದ ನಡೆದಿರುವ ಕೇಂದ್ರ ಸರ್ಕಾರದ ಸಂಸ್ಥೆ. ಹಲಗೆ ಹಾಕಿಕೊಂಡು ಮಂಚದಿಂದ ಕುರ್ಚಿಗೆ ನಾನೇ ಜಾರುವುದನ್ನು ಕಲಿತದ್ದು ಅಲ್ಲಿ. ಬಹಳ ತಡವಾಗಿ ಕಲಿತೆ. ಖರ್ಚಿನ ಮಾತು ಫೋನಿನಲ್ಲಿ ಆಡೋಣ.

ಇನ್ನು ಔಷಧ. ನಮ್ಮ ಕಡೆ ಮೆಡಿಕಲ್ ಶಾಪ್ ಅನ್ನುವುದಕ್ಕೆ ಇಲ್ಲಿ ಕೆಮಿಸ್ಟ್ ಅನ್ನುತ್ತಾರೆ. ಡಾಕ್ಟರ ಚೀಟಿಯ ಫೋಟೊ ವಾಟ್ಸಾಪ್ ಮಾಡಿದರೆ ಹುಡುಗ ಬಾಗಿಲಿಗೇ ತಂದುಕೊಡುತ್ತಾನೆ. ಗುಳಿಗೆಗೆ ತೊಂದರೆಯಿಲ್ಲ. ನಾಲ್ಕು ತಾಸಿಗೊಮ್ಮೆ ನಾವೇ ಹಾಕಿಕೊಳ್ಳುವ ಕ್ಯಾಥೆಟರ್ ಮಾತ್ರ ನಿನ್ನ ನಂಬರಿನದು ಓಣಿಯ ಕೆಮಿಸ್ಟ್ ಹತ್ತಿರ ಒಂದೆರಡು ಇದ್ದರೆ ಹೆಚ್ಚು. ಮರೀನ್ ಲೈನ್ಸ್ ಹತ್ತಿರ ಪ್ರಿನ್ಸೆಸ್ ಸ್ಟ್ರೀಟ್ ಇದೆ, ಅಲ್ಲಿಯ ಸರ್ಜಿಕಲ್ ಅಂಗಡಿಗಳಿಂದ ಡಬ್ಬಿಗಟ್ಟಲೆ ತರಿಸಿಕೋ. ಜೂನ್‌ನಿಂದ ಸೆಪ್ಟೆಂಬರ್ ತನಕ ಹದಿನೈದು ದಿನದ ಔಷಧ ಯಾವಾಗಲೂ ಮನೆಯಲ್ಲಿರಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಡೊಂಬಿವಲಿಯ ನಮ್ಮ ಓಣಿಗೂ ನೀರು ನುಗ್ಗಿತು, ಕೆಮಿಸ್ಟ್ ಷಟರ್ ಎಳೆದಿದ್ದ, ಕಾಲು ಸೆಟೆಯದಂತೆ ನಾನು ನುಂಗುವ ಬ್ಯಾಕ್ಲೋಫೆನ್ ಗುಳಿಗೆ ತೀರಿಹೋಯಿತು. ಎರಡನೇ ದಿನ ಕಾಲುಗಳು ತಾವಾಗಿಯೇ ಝಾಡಿಸಿ ಮಂಚದಿಂದ ಕೆಳಗೆ ಬಿದ್ದೆ. ಆ ಗುಳಿಗೆ ಒಮ್ಮೆಲೇ ನಿಂತರೆ ಫಿಟ್ಸ್ ಬರುವ ಅಪಾಯವೂ ಇದೆ. ಬಿದ್ದ ನನ್ನನ್ನು ನನ್ನವ್ವ ಒಬ್ಬಳೇ ಎತ್ತಿದಳು.

ನಾನು ಈ ಊರಿಗೆ ಬಂದದ್ದು 1999ರ ಜೂನ್‌ನಲ್ಲಿ. ಹೊಲದ ಬಾವಿಗೆ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಎಂಟು ತಿಂಗಳಾಗಿತ್ತು. ಗದಗಿನಿಂದ ರಾತ್ರಿ ಬಸ್ಸು. ಹಿಂದಿನ ಸೀಟಿನ ಮೇಲೆ ನನ್ನನ್ನು ಅಡ್ಡ ಮಲಗಿಸಿ, ಅವ್ವ ಕೆಳಗೆ ಕಟಕ ರೊಟ್ಟಿಯ ಗಂಟು ಹಿಡಿದು ಕೂತಿದ್ದಳು. ಒಂದೇ ಮಗ್ಗುಲಲ್ಲಿ ಮಲಗಿ ಬಂದದ್ದಕ್ಕೆ ನನಗೆ ಮೊದಲ ಬೆಡ್‌ಸೋರ್, ಅಂದರೆ ಮಲಗಿ ಮಲಗಿ ಆಗುವ ಹುಣ್ಣು, ಆಯಿತು. ಮಾಯಲಿಕ್ಕೆ ಮೂರು ತಿಂಗಳು ಹಿಡಿಯಿತು. ಅಣ್ಣನ ಕೋಣೆ ಎರಡನೇ ಮಾಳಿಗೆ, ಲಿಫ್ಟ್ ಇಲ್ಲ.

ಅಣ್ಣ ಮೊದಲ ವಾರವೇ ಹೇಳಿದ್ದ, ರೋಗಿಗಳಿಗೆ ಆಳು ಒದಗಿಸುವ ಬ್ಯೂರೋದಿಂದ ಒಬ್ಬ ವಾರ್ಡ್‌ಬಾಯ್ ಇಟ್ಟುಕೊಳ್ಳೋಣ, ದಿನಕ್ಕೆ ಹನ್ನೆರಡು ತಾಸು ಇರುತ್ತಾನೆ, ಸ್ನಾನ ಮಾಡಿಸಿ ಮಗ್ಗುಲು ಬದಲಿಸುತ್ತಾನೆ ಅಂತ. ನಾನು ಒಪ್ಪಲಿಲ್ಲ. ಗುರುತಿಲ್ಲದವನ ಎದುರು ಬಟ್ಟೆ ಬಿಚ್ಚುವುದು ಹೇಗೆ? ಅವ್ವನೂ ಅದನ್ನೇ ಅಂದಳು: ‘ನಾ ಇರೋತನ ನನ್ನ ಮಗನ ಮೈ ಮಂದಿ ಯಾಕ ಮುಟ್ಟಬೇಕು?’ ನಮ್ಮ ಕಡೆಯ ಮನೆ ನಿನಗೆ ಗೊತ್ತು, ಇಂಥ ಮಾತಿಗೆ ಎದುರಾಡುವವರಿಲ್ಲ. ನನಗೂ ಅದೇ ಬೇಕಾಗಿತ್ತು.

ಒಂಬತ್ತು ವರ್ಷ ಎತ್ತಿದಳು. ಬಂದಾಗ ಅವಳಿಗೆ ಐವತ್ತಾರು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ರಾತ್ರಿ ಎರಡು ತಾಸಿಗೊಮ್ಮೆ ಎದ್ದು ಮಗ್ಗುಲಿಗೆ. ಅಷ್ಟರಲ್ಲಿ ನಾನು ಮನೆಯಲ್ಲೇ ಕೂತು ಉಡುಪಿ ಹೋಟೆಲುಗಳ ಲೆಕ್ಕ ಬರೆಯತೊಡಗಿದ್ದೆ. ನಾಲ್ಕು ಹೋಟೆಲು ಆರಾದವು. ಒಂದು ಹಾಲಿನ ಬಿಲ್ಲು ತಪ್ಪಿದರೂ ಹಿಡಿಯುತ್ತಿದ್ದೆ. ಮಾಲೀಕರು ಹೊಗಳುತ್ತಿದ್ದರು.

ನಮ್ಮ ಕೆಮಿಸ್ಟ್ ತಿಂಗಳ ಖಾತೆಯಲ್ಲಿ ಔಷಧ ಕೊಡುತ್ತಿದ್ದ. ಆ ಬಿಲ್ಲನ್ನು ನಾನು ಒಟ್ಟು ಮೊತ್ತ ನೋಡಿ ಕೊಟ್ಟುಬಿಡುತ್ತಿದ್ದೆ. 2008ರಲ್ಲಿ ಅವ್ವನ ಮುಖ, ಕಾಲು ಬಾತು ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು ಕೇಳಿದರು, ನೋವಿನ ಗುಳಿಗೆ ಎಷ್ಟು ದಿನದಿಂದ ನುಂಗುತ್ತಿದ್ದಾರೆ? ಮನೆಗೆ ಬಂದು ಹಳೆಯ ಬಿಲ್ಲುಗಳನ್ನು ಹರವಿಕೊಂಡು ಕೂತೆ. ನನ್ನ ಬ್ಯಾಕ್ಲೋಫೆನ್, ಮೂತ್ರದ ಚೀಲ ಯೂರೋಬ್ಯಾಗ್ ಕೆಳಗೆ ಪ್ರತಿ ತಿಂಗಳೂ ನೋವಿನ ಗುಳಿಗೆ ಡೈಕ್ಲೋಫೆನಾಕ್, ಮೊದಲು ಎರಡು ಸ್ಟ್ರಿಪ್, ಆಮೇಲೆ ನಾಲ್ಕು, ಆಮೇಲೆ ಆರು. ಹದಿನಾಲ್ಕು ತಿಂಗಳು. ಅವಳಿಗೆ ಬಿಪಿ ಬೇರೆ ಇತ್ತು. ಮರಾಠಿ ಬಾರದ ಅವ್ವ ಔಷಧ ತಂದ ಹುಡುಗನಿಗೆ ‘ಕಮರ್, ಕಮರ್’ ಅಂತ ಸೊಂಟ ಮುಟ್ಟಿ ತೋರಿಸಿದಳಂತೆ, ಅವನು ತಂದುಕೊಟ್ಟ. ಚೀಟಿ ಇಲ್ಲದೆ ಕೊಡಬಾರದ ಗುಳಿಗೆ ಅದು, ಕೊಟ್ಟದ್ದು ಅವರ ತಪ್ಪೇ. ಆದರೆ ಬಿಲ್ಲು ಬರುತ್ತಿದ್ದದ್ದು ನನ್ನ ಕೈಗೆ. ಸೊಂಟಕ್ಕೆ ಪಟ್ಟಿ ಕಟ್ಟಿ ಮೇಲೆ ಸೀರೆ ಉಡುತ್ತಿದ್ದಳು ಅನ್ನುವುದೂ ಆಸ್ಪತ್ರೆಯಲ್ಲೇ ತಿಳಿದದ್ದು. ಎರಡೂ ಕಿಡ್ನಿ ಹೋಗಿದ್ದವು. ಎರಡು ವರ್ಷ ಡಯಾಲಿಸಿಸ್ ಮಾಡಿಸಿದೆವು. 2010ರ ಶ್ರಾವಣದಲ್ಲಿ ಹೋದಳು. ಊರಿಗೆ ಒಯ್ಯಿರಿ ಅಂದಿದ್ದಳು, ಅದೂ ಆಗಲಿಲ್ಲ.

ಅವಳು ಆಸ್ಪತ್ರೆ ಸೇರಿದ ಮರುದಿನವೇ ಬ್ಯೂರೋದಿಂದ ವಾರ್ಡ್‌ಬಾಯ್ ಬಂದ. ಇಲ್ಲಿ ಅವರನ್ನು ಮಾಮಾ ಅನ್ನುತ್ತಾರೆ, ಹೆಂಗಸಾದರೆ ಮಾವಶಿ. ನಾಚಿಕೆ ಮೂರನೇ ದಿನಕ್ಕೆ ಹೋಯಿತು, ತಮ್ಮಾ. ಮೂರೇ ದಿನ.

ಅದಕ್ಕೇ ಹೇಳುತ್ತೇನೆ, ನಿನ್ನವ್ವ ಬರಲಿ, ಅಡುಗೆ ಮಾಡಲಿ, ನಿನ್ನ ಜೊತೆ ಮಾತಾಡಲಿ. ಎತ್ತುವ ಕೆಲಸ ಬೇಡ. ಬ್ಯೂರೋದವರು ತಮ್ಮ ಪಾಲು ಹಿಡಿದುಕೊಳ್ಳುತ್ತಾರೆ, ಮುಂಗಡವನ್ನೂ ಕೇಳುತ್ತಾರೆ. ರಜೆ ಹಾಕಿದರೆ ಬದಲಿ ಆಳು ಕೊಡುತ್ತೇವೆ ಅಂತ ಬರೆಸಿಕೋ. ಗುರುತಿನ ಚೀಟಿಯ ನಕಲು ಇಟ್ಟುಕೋ. ಬೆನ್ನುಹುರಿ ಪೆಟ್ಟಿನವರನ್ನು ಮೊದಲು ನೋಡಿಕೊಂಡಿದ್ದಾನಾ ಕೇಳು. ಬಾಲಮೂಳೆಯ ಹತ್ತಿರದ ಚರ್ಮವನ್ನು ದಿನಾ ಕನ್ನಡಿ ಹಿಡಿದು ನೀನೇ ನೋಡು, ಕೆಂಪಾಗಿದ್ದರೆ ಆ ಮಗ್ಗುಲಿಗೆ ಭಾರ ಬೇಡ. ‘ಕುಶೀವರ್ ವಳವಾ’ ಅಂದರೆ ಮಗ್ಗುಲಿಗೆ ತಿರುಗಿಸಿ, ‘ದುಖತಯ್’ ಅಂದರೆ ನೋಯುತ್ತಿದೆ. ಇವೆರಡನ್ನು ನೀನೂ ಕಲಿ, ಅವ್ವನಿಗೂ ಕಲಿಸು. ಅವಳ ಬಿಪಿ, ಸೊಂಟ ಎರಡನ್ನೂ ಬಂದ ಕೂಡಲೇ ಡಾಕ್ಟರಿಗೆ ತೋರಿಸು. ಕೆಮಿಸ್ಟ್ ಬಿಲ್ಲಿನ ಒಂದೊಂದು ಸಾಲನ್ನೂ ಓದು.

ಬಸ್ಸಿನಲ್ಲಿ ಬರಬೇಡ. ಜೊತೆಗೊಬ್ಬರಿಲ್ಲದೆ ಪ್ರಯಾಣಿಸಲಾಗದ ನಮ್ಮಂಥವರಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ರೈಲ್ವೆ 75 ಪರ್ಸೆಂಟ್ ರಿಯಾಯಿತಿ ಕೊಡುತ್ತದೆ, ಜೊತೆಗೆ ಬರುವ ಒಬ್ಬರಿಗೂ ಅಷ್ಟೇ. ಅದರ ಕಾಗದ ಹಾವೇರಿಯಲ್ಲಿ ಇರುವಾಗಲೇ ಮಾಡಿಸಿಕೋ. ದಾರಿಯಲ್ಲಿ ಮಗ್ಗುಲು ಬದಲಿಸಲಿಕ್ಕೆ ಅವ್ವನ ಬದಲು ಗೆಳೆಯನೊಬ್ಬನನ್ನು ಕರೆದುಕೊಂಡು ಬಾ. ಮನೆ ಗೊತ್ತಾದ ಕೂಡಲೇ ವಿಳಾಸ ಕಳಿಸು. ನೀನು ಬರುವ ಹಿಂದಿನ ದಿನ ಏರ್ ಬೆಡ್ ಅಲ್ಲಿಗೆ ತಲುಪಿಸುತ್ತೇನೆ, ನಮ್ಮ ಮಾಮಾನೂ ಬಂದು ಮೊದಲ ವಾರ ಇರುತ್ತಾನೆ. ಅವನನ್ನು ಕೇಳಿ ಒಪ್ಪಿಸಿದ್ದೇನೆ.