ಲೀ ಬ್ರ್ಯಾಕೆಟ್ ಬಗ್ಗೆ ಬಂದ ಪತ್ರಕ್ಕೆ ಸಂಪಾದಕರ ಉತ್ತರ

ನಮಸ್ಕಾರ. ಹೋದ ಸಂಚಿಕೇಲಿ ಅಮೆರಿಕದ ಲೇಖಕಿ ಲೀ ಬ್ರ್ಯಾಕೆಟ್ ಬಗ್ಗೆ ಬಂದ ಲೇಖನ ಓದಿ ನೀವು ಬರೆದ ಪತ್ರ ಸಿಕ್ತು. "ಒಂದ್ಸಲ ಕೊಲೆ, ಪತ್ತೇದಾರಿ, ಇನ್ನೊಂದ್ಸಲ ಮಂಗಳ ಗ್ರಹದಲ್ಲಿ ಕತ್ತಿ ಕಾಳಗ, ಮಧ್ಯೆ ಸಿನಿಮಾ. ಯಾವುದರಲ್ಲೂ ನಿಲ್ಲದ ಲೇಖಕಿಗೆ ಸ್ಟಾರ್ ವಾರ್ಸ್‌ನಲ್ಲಿ ಹೆಸರು ಬಂತು ಅಂತ ಇಷ್ಟು ಪುಟ ಕೊಟ್ರಾ?" ಅಂತ ಕೇಳಿದೀರಿ. ಮೊದಲು ಯಾವ ಪುಸ್ತಕ ಓದ್ಲಿ ಅಂತಾನೂ ಕೇಳಿದೀರಿ.

ಸ್ಟಾರ್ ವಾರ್ಸ್ ವಿಷಯ ಬೇಗ ಮುಗಿಸ್ತೀನಿ. ಆ ಸಿನಿಮಾ ಸರಣಿಯ ಎರಡನೇ ಸಿನಿಮಾಕ್ಕೆ ಚಿತ್ರಕಥೆಯ ಮೊದಲ ಡ್ರಾಫ್ಟ್ ಬ್ರ್ಯಾಕೆಟ್ ಕೊಟ್ಟಿದ್ದು 1978ರ ಫೆಬ್ರವರಿಲಿ, ಮುಂದಿನ ತಿಂಗಳೇ ಕ್ಯಾನ್ಸರ್‌ನಿಂದ ತೀರ್ಕೊಂಡ್ರು, ಆಮೇಲೆ ಸರಣಿ ಶುರು ಮಾಡಿದ ಜಾರ್ಜ್ ಲೂಕಸ್, ಚಿತ್ರಕಥೆಗಾರ ಲಾರೆನ್ಸ್ ಕ್ಯಾಸ್ಡನ್ ಅದನ್ನ ತುಂಬಾನೇ ಬದಲಾಯಿಸಿ ಬರೆದ್ರು. ಅದರಿಂದ ಅವರನ್ನ ಅಳೆಯೋದು ಬೇಡ, ಅಲ್ಲಿ ನಿಮ್ಮ ಮಾತು ಸರಿ.

ಆದ್ರೆ ಯಾವುದರಲ್ಲೂ ನಿಲ್ಲಲಿಲ್ಲ ಅನ್ನೋದನ್ನ ನಾನು ಒಪ್ಪಲ್ಲ. ಹುಟ್ಟಿದ್ದು 1915ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. 1940ರಿಂದ ಪಲ್ಪ್ ಪತ್ರಿಕೆಗಳಿಗೆ, ಅಂದ್ರೆ ಅಗ್ಗದ ಕಾಗದದ ಜನಪ್ರಿಯ ಕಥೆ ಪತ್ರಿಕೆಗಳಿಗೆ, ಮಂಗಳ, ಶುಕ್ರ ಅಂತ ಕಥೆ ಬರೀತಿದ್ದವರು 1944ರಲ್ಲಿ 'ನೋ ಗುಡ್ ಫ್ರಮ್ ಎ ಕಾರ್ಪ್ಸ್' ಅನ್ನೋ ಪತ್ತೇದಾರಿ ಕಾದಂಬರಿ ತಂದ್ರು. ನಿರ್ದೇಶಕ ಹೋವರ್ಡ್ ಹಾಕ್ಸ್ ಅದನ್ನ ಓದಿ, ಬರೆದಿರೋದು ಗಂಡಸೇ ಅನ್ಕೊಂಡು ಕರೆಸಿದ್ರೆ ಬಂದಿದ್ದು ಇನ್ನೂ ಮೂವತ್ತು ತುಂಬದ ಹುಡುಗಿ. 'ದಿ ಬಿಗ್ ಸ್ಲೀಪ್' ಸಿನಿಮಾದ ಚಿತ್ರಕಥೆಗೆ ಕಾದಂಬರಿಕಾರ ವಿಲಿಯಂ ಫಾಕ್ನರ್ ಜೊತೆ ಕೂರಿಸಿದ್ರು, ಇಬ್ಬರೂ ಆ ಸಿನಿಮಾದ ಮೂಲ ಕಾದಂಬರಿನ ಹಂಚಿಕೊಂಡು ಬೇರೆ ಬೇರೆ ಕೂತು ಬರೆದ್ರು. ಆಗ ಅರ್ಧಕ್ಕೆ ನಿಂತ ಫ್ಯಾಂಟಸಿ ಕಥೆ ಒಂದನ್ನ ಲೇಖಕ ಗೆಳೆಯ ರೇ ಬ್ರ್ಯಾಡ್ಬರಿಗೆ ಕೊಟ್ಟು ನೀನೇ ಮುಗಿಸು ಅಂದ್ರು, ಅವರು ಮುಗಿಸಿದ್ರು, ಇಬ್ಬರ ಹೆಸರಲ್ಲೂ 1946ರಲ್ಲಿ ಅಚ್ಚಾಯ್ತು.

ಈಗ ಎರಿಕ್ ಜಾನ್ ಸ್ಟಾರ್ಕ್‌ನ ನೋಡಿ, 1949ರಿಂದ ಬರೋ ಅವರ ಫ್ಯಾಂಟಸಿ ನಾಯಕ. ಬುಧ ಗ್ರಹದ ಕಾಡುಜನ ಸಾಕಿದ ಅನಾಥ, ಆ ಜನರನ್ನ ಮನುಷ್ಯರೇ ಕೊಂದಿರ್ತಾರೆ, ಆಮೇಲೆ ಎಲ್ಲಿ ಹೋದ್ರೂ ಹೊರಗಿನವನೇ, ದುಡ್ಡಿಗೆ ಕೆಲಸ ಮಾಡ್ತಾನೆ ಆದ್ರೆ ಒಳಗೆ ಒಂದು ನಿಯತ್ತಿದೆ. ಕೈಲಿರೋ ಕತ್ತಿ ತೆಗೆದು ರಿವಾಲ್ವರ್ ಕೊಡಿ, ಲಾಸ್ ಏಂಜಲೀಸ್‌ನ ಖಾಸಗಿ ಪತ್ತೇದಾರನೇ! ಅವರ ಮಂಗಳದ ಹಳೇ ಊರುಗಳೂ ಹಾಗೇ, ನೀರು ಬತ್ತಿದೆ, ಮಾನ ಮಾರಾಟಕ್ಕಿದೆ, ದುರಾಸೆ ಮಾತ್ರ ಬತ್ತಿಲ್ಲ. ಕೊಲೆ ಕಥೆ ಬರೆದ ಕೈ ಅಲ್ಲದಿದ್ರೆ ಆ ಮಂಗಳಕ್ಕೆ ಅಷ್ಟು ಕಹಿ ಬರ್ತಾನೇ ಇರ್ಲಿಲ್ಲ ಅನ್ನೋದು ನನ್ನ ಗಟ್ಟಿ ನಂಬಿಕೆ.

1965ರಲ್ಲಿ ಮ್ಯಾರಿನರ್ 4 ಅನ್ನೋ ಬಾಹ್ಯಾಕಾಶ ನೌಕೆ ಕಳಿಸಿದ ಫೋಟೋಗಳಲ್ಲಿ ಬರೀ ಗುಳಿ ಬಿದ್ದ ಒಣ ನೆಲ ಕಂಡಾಗ ಆ ಥರದ ಮಂಗಳದ ಕಥೆಗಳ ಕಾಲ ಮುಗೀತು. ಬ್ರ್ಯಾಕೆಟ್ ಸ್ಟಾರ್ಕ್‌ನ ಬಿಡಲಿಲ್ಲ ನೋಡಿ, 1974ರಲ್ಲಿ ಸೌರಮಂಡಲದಾಚೆಗೆ ಸ್ಕೇತ್ ಅನ್ನೋ ಸಾಯ್ತಿರೋ ಗ್ರಹ ಕಟ್ಟಿ ಅವನನ್ನ ಅಲ್ಲಿಗೆ ಕರ್ಕೊಂಡು ಹೋದ್ರು, ಮೂರು ಕಾದಂಬರಿ ಬಂತು. ಇಪ್ಪತ್ತೈದು ವರ್ಷ ಒಂದೇ ಪಾತ್ರದ ಕೈ ಹಿಡಿದವರನ್ನ ನಿಲ್ಲದವರು ಅಂತ ಹೇಗೆ ಹೇಳೋದು ಸರ್?

ಇನ್ನು ಮೊದಲು ಓದೋಕೆ 'ದಿ ಲಾಂಗ್ ಟುಮಾರೋ', 1955ರದ್ದು. ಇದರಲ್ಲಿ ಪತ್ತೇದಾರನೂ ಇಲ್ಲ, ಕತ್ತಿಯೂ ಇಲ್ಲ. ಅಣುಯುದ್ಧ ಆದ ಮೇಲಿನ ಅಮೆರಿಕ, ಸಾವಿರ ಜನರಿಗಿಂತ ದೊಡ್ಡ ಊರು ಕಟ್ಟಬಾರದು ಅಂತ ಸಂವಿಧಾನದಲ್ಲೇ ಬರೆದಿದೆ, ಅಲ್ಲಿ ಇಬ್ಬರು ಹುಡುಗರಿಗೆ ಓದೋ, ತಿಳ್ಕೊಳ್ಳೋ ಹಸಿವು. ಶುರು ನಿಧಾನ, ಅರ್ಧಕ್ಕೆ ಬಿಡಬೇಡಿ. ಅದು ಹಿಡಿಸಿದ್ರೆ 1944ರ ಪತ್ತೇದಾರಿ ಕಾದಂಬರಿ, ಆಮೇಲೆ ಸ್ಟಾರ್ಕ್. ಓದಿ ಇನ್ನೊಂದು ಪತ್ರ ಬರೀರಿ, ಜಗಳಕ್ಕೇ ಬಂದ್ರೂ ಅಚ್ಚು ಹಾಕ್ತೀವಿ.